ಹೊಗೆಯ ಜಾಡು ಹಿಡಿದು ಐಲಾಕ್ಕೆ

ಹಡಗು ಸ್ಕಾಟ್ಲೆಂಡಿನ ಐಲಾ ದ್ವೀಪದ ಪೋರ್ಟ್ ಎಲೆನ್ ಬಂದರು ಮುಟ್ಟುವ ಮೊದಲೇ ಬಲದಂಡೆಯಲ್ಲಿ ಸುಣ್ಣ ಬಳಿದ ಗೋಡೆಗಳು ಒಂದರ ಹಿಂದೊಂದು ಕಾಣಿಸತೊಡಗುತ್ತವೆ. ದಪ್ಪ ಕಪ್ಪಕ್ಷರಗಳಲ್ಲಿ ಮೊದಲು ಆರ್ಡ್‌ಬೆಗ್, ಆಮೇಲೆ ಲಗವೂಲಿನ್, ಕೊನೆಗೆ ಲಫ್ರೋಯ್ಗ್. ಕಡಲ ಮೇಲಿಂದಲೇ ಓದಿಕೊಳ್ಳಬಹುದಾದ ಹೆಸರುಗಳು. ಒಂದು ಕಾಲದಲ್ಲಿ ಬಾರ್ಲಿಯೂ ಕಲ್ಲಿದ್ದಲೂ ಇಲ್ಲಿಗೆ ಬರುತ್ತಿದ್ದದ್ದು ನೀರಿನ ಮೇಲೆ, ತುಂಬಿದ ಪೀಪಾಯಿಗಳು ಹೊರಡುತ್ತಿದ್ದದ್ದೂ ನೀರಿನ ಮೇಲೆಯೇ. ಹಾಗಾಗಿ ಈ ಮೂರು ವಿಸ್ಕಿ ಡಿಸ್ಟಿಲರಿಗಳು ಇಂದಿಗೂ ಕಡಲಿಗೆ ಮುಖಮಾಡಿ ರಸ್ತೆಗೆ ಬೆನ್ನು ತಿರುಗಿಸಿ ನಿಂತಿವೆ. ಡೆಕ್ಕಿನ ಮೇಲೆ ಟೋಪಿ ಹಾರಿಸುವ ಗಾಳಿ. ಆದರೂ ಯಾರೂ ಒಳಗೆ ಹೋಗಲೊಲ್ಲರು. ಒಂದು ಜರ್ಮನ್ ಗುಂಪಂತೂ ಕಟಕಟೆಗೆ ಒರಗಿ ಒಂದೊಂದು ಹೆಸರು ಕಂಡಾಗಲೂ ಉದ್ಗಾರ ತೆಗೆಯುತ್ತಿತ್ತು. ದೇವರ ತೇರು ಬಂದಾಗ ನಮ್ಮವರು ಕೈಮುಗಿಯುತ್ತಾರಲ್ಲ, ಅದೊಂದೇ ಬಾಕಿ.

ಪಕ್ಕದಲ್ಲಿದ್ದ ಭಾವ ಮೂಗು ಅರಳಿಸಿ, "ಹೊಗೆ ವಾಸನೆ ಇಲ್ಲಿಗೇ ಬಂತಲ್ಲ ಮಾರಾಯ" ಎಂದರು.

ಭಾವ ತೀರ್ಥಹಳ್ಳಿ ಕಡೆಯವರು. ಗ್ಲಾಸ್ಗೋದಲ್ಲಿ ನೆಲೆಸಿ ಬಹಳ ಕಾಲವಾಯಿತು. ವಿಸ್ಕಿಯ ನಾಡಿನಲ್ಲಿದ್ದೂ ಒಂದು ತೊಟ್ಟು ನಾಲಿಗೆಗೆ ಸೋಕಿಸಿಕೊಂಡವರಲ್ಲ. ಆ ದಿನ ಬೆಳಗ್ಗೆ ಲಾಕ್ ಲೋಮಂಡ್ ಸರೋವರದ ದಂಡೆ ಹಿಡಿದು, ರೆಸ್ಟ್ ಅಂಡ್ ಬಿ ಥ್ಯಾಂಕ್‌ಫುಲ್ ಎಂಬ ಘಾಟಿ ಹತ್ತಿ ಇಳಿದು, ಇನ್‌ವೆರಾರಿ ದಾಟಿ ಕೆನ್ನಕ್ರೇಗ್ ಎಂಬ ಹಡಗುಕಟ್ಟೆಯವರೆಗೆ ಕಾರು ಓಡಿಸಿದ್ದು ಅವರೇ. ಕಾರನ್ನು ಹೊಟ್ಟೆಯೊಳಗೆ ಹಾಕಿಕೊಂಡು ಹೊರಟ ಹಡಗು ಎರಡು ಗಂಟೆ ಚಿಲ್ಲರೆಯಲ್ಲಿ ದ್ವೀಪಕ್ಕೆ ತಲುಪಿಸುತ್ತದೆ. ಸ್ಕಾಟ್ಲೆಂಡಿನಲ್ಲಿ 2014ರ ಕೊನೆಯಿಂದ ಚಾಲಕರ ಮದ್ಯಮಿತಿ 100 ಮಿಲಿ ರಕ್ತಕ್ಕೆ 50 ಮಿಲಿಗ್ರಾಂ, ಇಂಗ್ಲೆಂಡಿನ 80ಕ್ಕಿಂತ ಬಿಗಿ. ರುಚಿ ನೋಡಲು ಹೊರಟವನಿಗೆ ಕುಡಿಯದ ಚಾಲಕನಿಗಿಂತ ದೊಡ್ಡ ಭಾಗ್ಯವಿಲ್ಲ. ಭಾವನದು ಒಂದೇ ಷರತ್ತು: "ನೀನು ಕುಡಿ, ನಾನು ಮೂಸ್ತೀನಿ." ಕೇಳಿದವರಿಗೆ ನಗು ಬರಬಹುದು. ಆದರೆ ದೊಡ್ಡ ಕಂಪನಿಗಳಲ್ಲಿ ವಿಸ್ಕಿ ಬೆರೆಸುವ ಬ್ಲೆಂಡರುಗಳು ಕೆಲಸ ಮಾಡುವುದೂ ಮುಖ್ಯವಾಗಿ ಮೂಗಿನಿಂದಲೇ. ಎದುರಿಗಿಟ್ಟದ್ದನ್ನೆಲ್ಲ ಕುಡಿಯುತ್ತ ಕೂತರೆ ಮಧ್ಯಾಹ್ನದ ಹೊತ್ತಿಗೆ ಕಂಪನಿ ಮುಳುಗಿರುತ್ತದೆ.

ನನ್ನ ತಲೆಯಲ್ಲಿದ್ದದ್ದು ಒಂದು ಹಳೆಯ ಕುತೂಹಲ. ಸ್ಕಾಚ್ ಸಿಂಗಲ್ ಮಾಲ್ಟ್ ಎಂದು ಬಾಟಲಿಯ ಮೇಲೆ ಬರೆಯಬೇಕಾದರೆ ಕಾನೂನು ಬಹಳ ಕಟ್ಟುನಿಟ್ಟು. ಮೊಳಕೆ ಬರಿಸಿದ ಬಾರ್ಲಿ ಬಿಟ್ಟು ಬೇರೆ ಧಾನ್ಯ ಕೂಡದು. ಒಂದೇ ಡಿಸ್ಟಿಲರಿಯಲ್ಲಿ, ಹಂಡೆಯಲ್ಲಿ ಕಾಯಿಸಿ ಬಟ್ಟಿ ಇಳಿಸಿರಬೇಕು. ಓಕ್ ಮರದ ಪೀಪಾಯಿಯಲ್ಲಿ, ಸ್ಕಾಟ್ಲೆಂಡಿನ ನೆಲದಲ್ಲೇ, ಕಡಿಮೆಯೆಂದರೆ 3 ವರ್ಷ ಮಾಗಿರಬೇಕು. ಬಾಟಲಿಯಲ್ಲಿ ಆಲ್ಕೋಹಾಲು ಶೇ. 40ಕ್ಕಿಂತ ಕಡಿಮೆ ಇರಬಾರದು. ಬಣ್ಣಕ್ಕೆ ಬೇಕಾದರೆ ಕ್ಯಾರಮೆಲ್ ಬೆರೆಸಬಹುದು, ಆದ್ದರಿಂದ ಬಣ್ಣ ನೋಡಿ ವಯಸ್ಸು ಹೇಳುವವರನ್ನು ನಂಬಬೇಡಿ. ಅಷ್ಟೇ: ಬಾರ್ಲಿ, ನೀರು, ಯೀಸ್ಟು, ತಾಮ್ರ, ಮರ, ಕಾಲ. ಇಷ್ಟರಲ್ಲೇ ಇಷ್ಟೊಂದು ರುಚಿ ಎಲ್ಲಿಂದ ಹುಟ್ಟುತ್ತದೆ? ಅದರಲ್ಲೂ ಮೂರು ಸಾವಿರದಷ್ಟು ಜನರಿರುವ, ಹತ್ತರ ಸುಮಾರಿಗೆ ಡಿಸ್ಟಿಲರಿಗಳಿರುವ ಈ ಒಂದೇ ದ್ವೀಪದಲ್ಲಿ?

ಉತ್ತರದ ಮೊದಲ ತುಂಡು ನೆಲದಲ್ಲೇ ಇದೆ. ಪೋರ್ಟ್ ಎಲೆನ್‌ನಿಂದ ಬೊಮೋರ್ ಕಡೆಗೆ ಹೋಗುವ ರಸ್ತೆ ಗೆರೆ ಎಳೆದಷ್ಟು ನೇರ. ಆದರೂ ಕಾರು ಅಲೆಯ ಮೇಲಿದ್ದ ಹಾಗೆ ಏಳುತ್ತ ಬೀಳುತ್ತ ಸಾಗುತ್ತದೆ. ಕಾರಣ, ಅಡಿಯಲ್ಲಿರುವುದು ಗಟ್ಟಿ ನೆಲವಲ್ಲ, ಪೀಟ್. ಎದುರಿಗೆ ಬಂದ ಒಬ್ಬೊಬ್ಬ ಚಾಲಕನೂ ಸ್ಟೀರಿಂಗಿನಿಂದ ಬೆರಳೆತ್ತಿ ನಮಸ್ಕಾರ ಹಾಕುತ್ತಾನೆ. ಇದು ಐಲಾದ ಸಂಪ್ರದಾಯ. ಭಾವ ಎರಡೇ ಮೈಲಿಯಲ್ಲಿ ಅದನ್ನು ಕಲಿತು, ಕುರಿಗಳಿಗೂ ಕೈಯೆತ್ತಲು ಶುರುಮಾಡಿದರು.

ಒಂದು ಕಡೆ ಕಾರು ನಿಲ್ಲಿಸಿ ಪೀಟ್ ಕಡಿದ ಜಾಗದ ಅಂಚಿಗೆ ಹೋಗಿ ಕುಕ್ಕರಗಾಲಲ್ಲಿ ಕೂತೆ. ಮೇಲೆ ಒಂದು ಗೇಣು ಹೆದರ್ ಗಿಡದ ಬೇರಿನ ಸಿಕ್ಕು. ಅದರ ಕೆಳಗೆ ಕಂದು ನಾರು. ಇನ್ನೂ ಕೆಳಗೆ ಕಪ್ಪು, ನುಣ್ಣಗೆ, ನಾರೆಲ್ಲ ಕರಗಿಹೋದ ಪದರ. ಒಂದು ಚೂರು ಹಿಂಡಿದರೆ ಚಹಾದ ಬಣ್ಣದ ನೀರು ಮೊಣಕೈವರೆಗೆ ಇಳಿಯಿತು. ಸದಾ ನೀರು ನಿಂತ ನೆಲದಲ್ಲಿ ಪಾಚಿ, ಹುಲ್ಲು, ಗಿಡಗಂಟಿ ಸತ್ತಾಗ ಗಾಳಿಯಾಡದೆ ಪೂರ್ತಿ ಕೊಳೆಯುವುದಿಲ್ಲ. ಹಾಗೇ ಒಂದರ ಮೇಲೊಂದು ಒತ್ತಿಕೊಂಡು ಕೂರುತ್ತದೆ. ಬೆಳೆಯುವುದು ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್. ನನ್ನ ಕಾಲಬುಡದಲ್ಲಿದ್ದ ಮೀಟರ್ ಆಳದ ಗುಂಡಿ ಎಂದರೆ ಸಾವಿರ ವರ್ಷ. ಸೌದೆಗೆ ಮರವೇ ಇಲ್ಲದ ದ್ವೀಪದವರು ಇದನ್ನೇ ಇಟ್ಟಿಗೆಯಂತೆ ಕಡಿದು, ಬೇಸಿಗೆಯಲ್ಲಿ ಒಣಗಿಸಿ, ಒಲೆಗೆ ಹಾಕಿದರು. ಬಾರ್ಲಿ ಒಣಗಿಸಿದ್ದೂ ಇದರಲ್ಲೇ. ವಿಸ್ಕಿಗೆ ಹೊಗೆಯ ರುಚಿ ಬರಲೆಂದು ಯಾರೂ ಕೂತು ಯೋಚಿಸಿದ್ದಲ್ಲ. ಬೇರೆ ಉರುವಲು ಇರಲಿಲ್ಲ, ಅಷ್ಟೇ. ರೈಲು ಬಂದ ಊರುಗಳು ಕಲ್ಲಿದ್ದಲಿಗೆ ಹೊರಳಿದವು, ಅವರ ವಿಸ್ಕಿ ಹೊಗೆ ಬಿಟ್ಟುಕೊಟ್ಟಿತು. ಐಲಾ ಉಳಿಸಿಕೊಂಡಿತು.

ಪೋರ್ಟ್ ಎಲೆನ್‌ನಿಂದ ಆರ್ಡ್‌ಬೆಗ್‌ವರೆಗೆ ಮೂರೂ ಡಿಸ್ಟಿಲರಿಗಳನ್ನು ಕೂಡಿಸುವ ಕಾಲುದಾರಿಯೊಂದಿದೆ, ಐದೂವರೆ ಕಿಲೋಮೀಟರಿನಷ್ಟು. ಮೈಲಿಗೊಂದರಂತೆ ಡಿಸ್ಟಿಲರಿ. ಮಾರನೆಯ ದಿನ ಭಾವ ಕಾರಿನಲ್ಲಿ ಮುಂದೆ ಹೋಗಿ ಕಾಯುವುದು, ನಾನು ನಡೆದು ಸೇರುವುದು ಎಂದಾಯಿತು.

1815ರ ಲಫ್ರೋಯ್ಗ್‌ನಲ್ಲಿ ಈಗಲೂ ಸ್ವಲ್ಪ ಭಾಗದ ಬಾರ್ಲಿಯನ್ನು ತಮ್ಮದೇ ನೆಲದ ಮೇಲೆ ಮೊಳಕೆ ಬರಿಸುತ್ತಾರೆ. ನೆನೆದ ಕಾಳನ್ನು ಉದ್ದದ ಹಜಾರದಲ್ಲಿ ಗೇಣುದ್ದ ಎತ್ತರಕ್ಕೆ ಹರವಿ, ಬೇರು ಹೆಣೆದುಕೊಳ್ಳದಂತೆ ದಿನವೂ ಮಗುಚಬೇಕು. ಒಂದು ಕಾಳು ಬಾಯಿಗೆ ಹಾಕಿಕೊಂಡೆ; ಗಂಜಿಯ ಸಪ್ಪೆ, ಹಿಂದೆಯೇ ಸಣ್ಣ ಸಿಹಿ. ಕಾಳಿನ ಪಿಷ್ಟ ಸಕ್ಕರೆಯಾಗಲು ಸಜ್ಜಾದ ಹೊತ್ತಿಗೆ ಮೊಳಕೆಯನ್ನು ನಿಲ್ಲಿಸಬೇಕು, ಅದಕ್ಕೇ ಒಣಗಿಸುವ ಗೂಡು. ಕೆಳಗೆ ಪೀಟ್ ಬೆಂಕಿ, ಮೇಲೆ ತೂತಿನ ನೆಲದ ಮೇಲೆ ಒದ್ದೆ ಬಾರ್ಲಿ. ಕಾಳು ಒದ್ದೆಯಾಗಿರುವಷ್ಟು ಹೊತ್ತು ಮಾತ್ರ ಹೊಗೆ ಸಿಪ್ಪೆಗೆ ಚೆನ್ನಾಗಿ ಅಂಟುತ್ತದೆ. ಆದ್ದರಿಂದ ಬೆಂಕಿ ಉರಿಯಬಾರದು, ಉಸಿರು ಕಟ್ಟಿದಂತೆ ಹೊಗೆಯುತ್ತಲೇ ಇರಬೇಕು. ಗೂಡಿನ ಬಾಗಿಲು ತೆರೆದ ಕೂಡಲೇ ನುಗ್ಗಿದ ವಾಸನೆಗೆ ಭಾವ, "ಮಳೆಗಾಲದಲ್ಲಿ ನಮ್ಮನೆ ಬಚ್ಚಲೊಲೆ" ಎಂದು ಕನ್ನಡದಲ್ಲಿ ಜೋರಾಗಿಯೇ ಹೇಳಿದರು. ಒಣಗದ ಸೌದೆ ತುರುಕಿ, ಹಂಡೆಯ ಸುತ್ತ ಮಸಿ ಕಟ್ಟಿ, ಕಣ್ಣಲ್ಲಿ ನೀರು ಬರಿಸುತ್ತಿದ್ದ ಆ ಹೊಗೆಯೇ. ಮಾರ್ಗದರ್ಶಿ ಹುಡುಗಿಗೆ ಇಂಗ್ಲಿಷಿನಲ್ಲಿ ವಿವರಿಸಿದ್ದೂ ಆಯಿತು. ಅವಳು ನಕ್ಕು ತನ್ನ ಅಜ್ಜಿಯ ಮನೆಯೂ ಹಾಗೇ ಎಂದಳು.

ಲೋಟದಲ್ಲಿ ಬಂದ ಹತ್ತು ವರ್ಷದ ಲಫ್ರೋಯ್ಗ್ ಮಾತ್ರ ಬಚ್ಚಲೊಲೆಗೆ ನಿಲ್ಲಲಿಲ್ಲ. ಮೊದಲು ಟಿಂಕ್ಚರು, ಬ್ಯಾಂಡೇಜು, ಡಾಂಬರು. ನಾಲಿಗೆಯ ಮೇಲೆ ಒಂದು ಕ್ಷಣ ಸಿಹಿ, ತಕ್ಷಣ ಉಪ್ಪು, ಆಮೇಲೆ ಗಂಟಲಲ್ಲಿ ಒಣಬೂದಿ. ಭಾವ ಲೋಟವನ್ನು ಮೂಗಿನಿಂದ ದೂರ ಹಿಡಿದು, "ಮೆಗ್ಗಾನ್ ಆಸ್ಪತ್ರೆ" ಎಂದರು. ಸುಮ್ಮನೆ ಹೇಳಿದ ಮಾತಾದರೂ ಅದರಲ್ಲಿ ಸತ್ಯವಿದೆ. ಪೀಟ್ ಹೊಗೆ ಬಿಟ್ಟುಹೋಗುವುದು ಫೀನಾಲ್ ಮತ್ತು ಅದರ ಬಂಧುಗಳನ್ನು. 1865ರಲ್ಲಿ ಗ್ಲಾಸ್ಗೋದ ಆಸ್ಪತ್ರೆಯಲ್ಲಿ ಜೋಸೆಫ್ ಲಿಸ್ಟರ್ ಗಾಯ ಕೊಳೆಯದಂತೆ ಬಳಸಿದ ಕಾರ್ಬಾಲಿಕ್ ಆಮ್ಲ ಎಂದರೂ ಫೀನಾಲೇ. ಅಮೆರಿಕದ ಪಾನನಿಷೇಧದ ಕಾಲದಲ್ಲಿ ಲಫ್ರೋಯ್ಗ್ ಔಷಧಿಯ ಹೆಸರಿನಲ್ಲಿ ಅಲ್ಲಿನ ಬಂದರು ದಾಟುತ್ತಿತ್ತಂತೆ. ಮೂಸಿ ನೋಡಿದ ಯಾವ ಅಧಿಕಾರಿಗೂ ಅನುಮಾನ ಬರಲು ಸಾಧ್ಯವಿರಲಿಲ್ಲ.

ಈ ಡಿಸ್ಟಿಲರಿಗೆ 1934ರ ಬೇಸಿಗೆಯಲ್ಲಿ ತಾತ್ಕಾಲಿಕ ಟೈಪಿಸ್ಟಾಗಿ ಬಂದ ಬೆಸ್ಸಿ ವಿಲಿಯಮ್‌ಸನ್ ಇಲ್ಲೇ ಉಳಿದಳು. ಮಾಲೀಕ ಇಯನ್ ಹಂಟರ್ 1954ರಲ್ಲಿ ತೀರಿಕೊಂಡಾಗ ಡಿಸ್ಟಿಲರಿಯನ್ನು ಬಿಟ್ಟುಹೋದದ್ದು ಅವಳ ಕೈಗೇ. ಗೋಡೆಯ ಮೇಲಿನ ಫೋಟೋದಲ್ಲಿ ಅವಳ ಮುಖ ಹೈಸ್ಕೂಲು ಮುಖ್ಯೋಪಾಧ್ಯಾಯಿನಿಯದು.

ಅಲ್ಲಿಂದ ಲಗವೂಲಿನ್‌ಗೆ ನಡೆದರೆ ಇಪ್ಪತ್ತು ಇಪ್ಪತ್ತೈದು ನಿಮಿಷ. ಕೊಲ್ಲಿಯ ಬಾಯಲ್ಲಿ ಡನಿವೇಗ್ ಕೋಟೆಯ ಮುರುಕು ಗೋಡೆ. ಒಂದು ಕಾಲಕ್ಕೆ ಈ ದ್ವೀಪಗಳನ್ನೆಲ್ಲ ಆಳಿದ ಮ್ಯಾಕ್‌ಡೊನಾಲ್ಡ್ ಮನೆತನದ ಹಡಗುಗಳು ತಂಗುತ್ತಿದ್ದ ಜಾಗ. ನನಗೆ ಕೋಟೆಗಿಂತ ಇಲ್ಲಿನ ಒಂದು ಜಗಳದ ಕಥೆ ಹೆಚ್ಚು ಹಿಡಿಸಿತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಲಗವೂಲಿನ್‌ನ ಯಜಮಾನ ಪೀಟರ್ ಮ್ಯಾಕಿಗೆ ಪಕ್ಕದ ಲಫ್ರೋಯ್ಗ್‌ನ ಮಾರಾಟದ ಹಕ್ಕೂ ಇತ್ತು. ಅದು ಕೈತಪ್ಪಿದಾಗ ಸಿಟ್ಟಿಗೆದ್ದು ಲಫ್ರೋಯ್ಗ್‌ಗೆ ಹರಿಯುವ ನೀರಿಗೇ ಅಡ್ಡಗಟ್ಟಿದ. ಕೋರ್ಟು ಬಿಡಿಸಿತು. ಆಮೇಲೆ 1908ರಲ್ಲಿ ತನ್ನ ಆವರಣದೊಳಗೇ ಮಾಲ್ಟ್ ಮಿಲ್ ಎಂಬ ಇನ್ನೊಂದು ಡಿಸ್ಟಿಲರಿ ಕಟ್ಟಿಸಿದ. ಲಫ್ರೋಯ್ಗ್‌ನ ಹಂಡೆಗಳದೇ ಅಚ್ಚು, ಲಫ್ರೋಯ್ಗ್‌ನಿಂದಲೇ ಸೆಳೆದುಕೊಂಡ ಕೆಲಸಗಾರ. ಇಷ್ಟಾದರೂ ಅಲ್ಲಿ ಇಳಿದದ್ದು ಲಫ್ರೋಯ್ಗ್ ಆಗಲಿಲ್ಲ. ಹಾಗಂತ ಲಗವೂಲಿನ್ನೂ ಆಗಲಿಲ್ಲ. 1962ರವರೆಗೆ ತನ್ನ ಪಾಡಿಗೆ ಏನೋ ಒಂದು ಆಗಿದ್ದು ಮುಚ್ಚಿತು. ಅದರ ಕಟ್ಟಡದಲ್ಲೇ ಈಗ ಪ್ರವಾಸಿಗರನ್ನು ಕೂರಿಸಿ ಕಥೆ ಹೇಳುತ್ತಾರೆ. ಪಕ್ಕದ ಮನೆಯ ಪಾತ್ರೆ, ಪಕ್ಕದ ಮನೆಯ ಅಡುಗೆಯವನು, ಅದೇ ಮಣ್ಣು, ಅದೇ ಗಾಳಿ; ಕೈಗೆ ಸಿಕ್ಕದ್ದು ಮೂರನೆಯದೇ ಒಂದು. ನಾನು ಕೇಳಿದ ವಿಸ್ಕಿ ಕಥೆಗಳಲ್ಲಿ ಇದಕ್ಕಿಂತ ಬೆರಗಿನದು ಇನ್ನೊಂದಿಲ್ಲ.

ಉಗ್ರಾಣದಲ್ಲಿ ಕತ್ತಲು, ತೇವ, ಮಣ್ಣಿನ ವಾಸನೆ. ಕೆಲಸಗಾರ ಪೀಪಾಯಿಯ ಬಿರಡೆಯನ್ನು ಮರದ ಸುತ್ತಿಗೆಯಿಂದ ಎರಡೂ ಬದಿ ತಟ್ಟಿ ಸಡಿಲಿಸಿದ. ಒಳಗೆ ತಾಮ್ರದ ಉದ್ದ ಕೊಳವೆ ಇಳಿಸಿ, ಮೇಲಿನ ತೂತಿಗೆ ಹೆಬ್ಬೆಟ್ಟು ಒತ್ತಿ ಎತ್ತಿ, ನಮ್ಮ ಲೋಟದ ಮೇಲೆ ಹಿಡಿದು ಬೆರಳು ಸಡಿಲಿಸಿದ. ಅಷ್ಟೂ ಹೊತ್ತು ಒಂದು ಹನಿ ನೆಲಕ್ಕೆ ಬೀಳಲಿಲ್ಲ. ನೀರು ಬೆರೆಸದ ಆ ವಿಸ್ಕಿಯ ಮೊದಲ ಗುಟುಕಿಗೆ ನಾಲಿಗೆ ಮರಗಟ್ಟಿತು. ನಾಲ್ಕು ಹನಿ ನೀರು ಹಾಕಿ ಎಂದ. ಹಾಕಿದೆ. ಮುಚ್ಚಿದ ಪೆಟ್ಟಿಗೆ ತೆರೆದುಕೊಂಡಿತು: ಒಣದ್ರಾಕ್ಷಿ, ಹಳೆ ತೊಗಲು, ಕಪ್ಪು ಚಹಾ, ಎಲ್ಲಕ್ಕೂ ಹಿಂದೆ ಅವಸರವಿಲ್ಲದ ಹೊಗೆ. ನೀರಿನ ಈ ಚಮತ್ಕಾರಕ್ಕೆ 2017ರಲ್ಲಿ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು ಕಂಪ್ಯೂಟರ್ ಲೆಕ್ಕಾಚಾರದಿಂದ ಕಾರಣ ಕೊಟ್ಟಿದ್ದಾರೆ. ಆಲ್ಕೋಹಾಲಿನ ಪ್ರಮಾಣ ಹೆಚ್ಚಿದ್ದಾಗ ಹೊಗೆಯ ಪರಿಮಳದ ಗ್ವಾಯಕಾಲ್ ಅಣುಗಳು ದ್ರವದೊಳಗೇ ಅಡಗಿರುತ್ತವೆ. ನೀರು ಬಿದ್ದಾಗ ಮೇಲ್ಮೈಗೆ, ಅಂದರೆ ಮೂಗಿನ ಹತ್ತಿರಕ್ಕೆ ಬರುತ್ತವೆ. ಸಿಂಗಲ್ ಮಾಲ್ಟಿಗೆ ನೀರು ಬೆರೆಸುವುದು ಮಹಾಪರಾಧ ಎಂದು ಬೆಂಗಳೂರಿನ ಬಾರುಗಳಲ್ಲಿ ಹುಬ್ಬು ಗಂಟಿಕ್ಕುವ ಪಂಡಿತರಿಗೆ ಇದನ್ನು ತಿಳಿಸಬೇಕು. ಐಲಾದಲ್ಲಿ ಎಲ್ಲರ ಮುಂದೆಯೂ ನೀರಿನ ಹೂಜಿ ಇತ್ತು.

ಮೂರನೆಯ ಆರ್ಡ್‌ಬೆಗ್ 1981ರಲ್ಲಿ ಮುಚ್ಚಿ, ಅರೆಜೀವದಲ್ಲಿ ತೆರೆದು, 1996ರಲ್ಲಿ ಮತ್ತೆ ಮುಚ್ಚಿ, ಮರುವರ್ಷ ಹೊಸ ಮಾಲೀಕರ ಕೈಯಲ್ಲಿ ಎದ್ದು ಕೂತದ್ದು. ಇವತ್ತು ಭಕ್ತರ ಸಂಖ್ಯೆ ಇದಕ್ಕೇ ಹೆಚ್ಚಿರಬೇಕು. ಊಟದ ಮೇಜಿಗೇ ಸರದಿ ಇತ್ತು. ಹೊಗೆಯ ಪ್ರಮಾಣ ಅಕ್ಕಪಕ್ಕದವರಿಗಿಂತ ಇಲ್ಲಿ ಜಾಸ್ತಿ. ಆದರೆ ಲೋಟದಲ್ಲಿ ಹಾಗನ್ನಿಸುವುದಿಲ್ಲ. ನಿಂಬೆಸಿಪ್ಪೆಯ ಚುರುಕು, ಕಾಳುಮೆಣಸು, ಹೊಗೆ ಹಗುರಾಗಿ ಮೇಲೆ ಮೇಲೆ.

ಮೂವರಿಗೂ ಬಹುಕಾಲ ಹೊಗೆಯಾಡಿಸಿದ ಬಾರ್ಲಿಯ ಬಹುಪಾಲು ಬರುತ್ತಿದ್ದದ್ದು ಪೋರ್ಟ್ ಎಲೆನ್‌ನ ಒಂದೇ ಕಾರ್ಖಾನೆಯಿಂದ. ಹಾಗಾದರೆ ವ್ಯತ್ಯಾಸ ಹುಟ್ಟುವುದೆಲ್ಲಿ ಎಂದು ಹಂಡೆಮನೆಯಲ್ಲಿ ಕೇಳಿದೆ. ಬೀಗ ಹಾಕಿದ ಹಿತ್ತಾಳೆ ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲಿಸಿ ತೋರಿಸಿದರು. ಹಿಂದೆ ಅದರ ಕೀಲಿ ಅಬಕಾರಿ ಅಧಿಕಾರಿಯ ಬಳಿ ಇರುತ್ತಿತ್ತು. ಬಟ್ಟಿ ಇಳಿಸುವವನು ಹೊರಗಿನ ಹಿಡಿಕೆ ತಿರುಗಿಸಿ ಧಾರೆಯನ್ನು ಅತ್ತ ಇತ್ತ ಹೊರಳಿಸಬಹುದೇ ಹೊರತು ಬೆರಳದ್ದುವಂತಿರಲಿಲ್ಲ. ಎರಡನೇ ಸಲ ಬಟ್ಟಿ ಇಳಿಯುವಾಗ ಮೊದಲು ಬರುವ ಘಾಟು ಬೇಡ, ಕೊನೆಗೆ ಬರುವ ಕಮಟೂ ಬೇಡ, ನಡುವಿನದು ಮಾತ್ರ ಪೀಪಾಯಿಗೆ. ಹಣ್ಣಿನ ಪರಿಮಳ ಬೇಗ ಬರುತ್ತದೆ. ಹೊಗೆಯ ಭಾರದ ಅಂಶಗಳು ತಡವಾಗಿ, ಕೊನೆಕೊನೆಗೆ. ಲಫ್ರೋಯ್ಗ್‌ನವರು ಮೊದಲ ಮುಕ್ಕಾಲು ಗಂಟೆಯ ಧಾರೆಯನ್ನು ಬಿಟ್ಟುಬಿಡುತ್ತಾರೆ, ಅದರೊಂದಿಗೆ ಹಣ್ಣಿನ ಸಿಹಿಯೂ ಹೋಗುತ್ತದೆ. ಉಳಿದದ್ದು ಆಸ್ಪತ್ರೆ. ಲಗವೂಲಿನ್‌ನಲ್ಲಿ ಎರಡನೇ ಬಟ್ಟಿಯನ್ನು ಒಂಬತ್ತು ಗಂಟೆಗೂ ಹೆಚ್ಚು ಹೊತ್ತು ನಿಧಾನಕ್ಕೆ ಎಳೆಯುತ್ತಾರೆ. ಆರ್ಡ್‌ಬೆಗ್‌ನ ಹಂಡೆಯ ಕೊರಳಲ್ಲಿ ಒಂದು ಪುಟ್ಟ ತಾಮ್ರದ ಪಾತ್ರೆ ನೇತಾಡುತ್ತದೆ. ಭಾರದ ಆವಿಯನ್ನು ಹಿಡಿದು ಮತ್ತೆ ಹಂಡೆಗೆ ಅಟ್ಟುವುದು ಅದರ ಕೆಲಸ. ನಿಂಬೆಯ ಚುರುಕು ಅಲ್ಲಿಂದ ಬಂದದ್ದು. ನೀರು, ಕಡಲಗಾಳಿ ಎಂದು ಜಾಹೀರಾತಿನಲ್ಲಿ ಓದಿದ್ದಕ್ಕಿಂತ ಒಂದು ಹಿಡಿಕೆ ಯಾವಾಗ ತಿರುಗಿತು ಎಂಬುದು ನನಗೆ ದೊಡ್ಡ ಕಾವ್ಯವಾಗಿ ಕಂಡಿತು.

ಇದರ ಪುರಾವೆ ದ್ವೀಪದ ಇನ್ನೊಂದು ತುದಿಯ ಕಲೀಲಾದಲ್ಲಿ ಸಿಕ್ಕಿತು. ಹಂಡೆಮನೆಯ ಒಂದು ಗೋಡೆ ಪೂರ್ತಿ ಗಾಜು. ಆರು ತಾಮ್ರದ ಹಂಡೆಗಳು, ಆಚೆ ಕಿರಿದಾದ ಜಲಸಂಧಿಯಲ್ಲಿ ಓಡುವ ಪ್ರವಾಹ, ಅದರಾಚೆ ಜೂರಾ ದ್ವೀಪದ ಬೋಳು ಬೆಟ್ಟಗಳು. ಬೆಲೆ ಕಟ್ಟಲಾಗದ ನೋಟ ಇಟ್ಟುಕೊಂಡ ಈ ಡಿಸ್ಟಿಲರಿಯ ಬಹುಪಾಲು ಸರಕು ಜಾನಿ ವಾಕರ್‌ನಂಥ ಬ್ಲೆಂಡುಗಳಲ್ಲಿ ಹೆಸರಿಲ್ಲದೆ ಸೇರಿಹೋಗುತ್ತದೆ. ಲಗವೂಲಿನ್ ಮತ್ತು ಕಲೀಲಾ ಒಂದೇ ಕಂಪನಿಯವು, ಎರಡೂ ಬಳಸುವುದು ಒಂದೇ ಬಗೆಯ ಹೊಗೆ ಬಾರ್ಲಿ. ಆದರೆ ಇಲ್ಲಿ ಆವಿಗೆ ತಾಮ್ರದೊಂದಿಗೆ ಹೆಚ್ಚು ಹೊತ್ತು ಸಿಗುವಂತೆ ಹಂಡೆಗಳನ್ನು ನಡೆಸುತ್ತಾರೆ. ತಾಮ್ರ ಒರಟನ್ನು ಹೀರಿಕೊಳ್ಳುತ್ತದೆ. ಅಲ್ಲಿ ಗಾಢ, ಮಂದ, ಸಿಹಿ. ಇಲ್ಲಿ ತಿಳಿ, ಹುಲ್ಲಿನ ಹಸಿರು, ಎಣ್ಣೆಯ ನುಣುಪು, ಹೊಗೆಯೂ ತೊಳೆದಿಟ್ಟಷ್ಟು ಚೊಕ್ಕ. ಭಾವ ಬಹಳ ಹೊತ್ತು ಮೂಸಿ, "ಇದನ್ನು ಬೇಕಾದರೆ ಕುಡಿಯಬಹುದು ಅನ್ನಿಸ್ತದೆ" ಎಂದರು. ಕುಡಿಯಲಿಲ್ಲ.

ಬೊಮೋರ್ ಊರಿನ ಬಾರಿನಲ್ಲಿ ರಾತ್ರಿ ಕೂತಾಗ ಪಕ್ಕದ ಮೇಜಿನಲ್ಲಿ ಪಿಪಿಎಂ ಚರ್ಚೆ ನಡೆದಿತ್ತು. ಹೊಗೆಯ ಫೀನಾಲ್ ಪ್ರಮಾಣದ ಅಳತೆ ಅದು. ಲಗವೂಲಿನ್ 35ರಷ್ಟು, ಆರ್ಡ್‌ಬೆಗ್ 55ರಷ್ಟು, ಬ್ರೂಕ್‌ಲಾಡಿಯವರು ತಯಾರಿಸುವ ಆಕ್ಟೊಮೋರ್‌ನ ಒಂದು ಆವೃತ್ತಿಯಂತೂ 309. ಅಂಕಿ ಹೆಚ್ಚಾದಷ್ಟೂ ಗಂಡಸುತನ ಎಂಬ ಧಾಟಿ. ಆ ಅಂಕಿ ಬಾರ್ಲಿಯಲ್ಲಿ ಅಳೆದದ್ದು, ಬಾಟಲಿಯಲ್ಲಲ್ಲ. ಬಟ್ಟಿ ಇಳಿಯುವಾಗ ದೊಡ್ಡ ಪಾಲು ಹಿಂದೆಯೇ ಉಳಿಯುತ್ತದೆ, ಪೀಪಾಯಿಯಲ್ಲಿ ವರ್ಷ ಕಳೆದಂತೆ ಇನ್ನಷ್ಟು ಮಸುಕಾಗುತ್ತದೆ. ಅದೇ ದ್ವೀಪದ ಬುನ್ನಹಾವನ್ ಹೆಚ್ಚಾಗಿ ಹೊಗೆಯನ್ನೇ ಬಳಸುವುದಿಲ್ಲ, ಆದರೂ ಐಲಾದ್ದೇ.

ನಾವು ಕರ್ನಾಟಕದವರೆಂದು ತಿಳಿದು ಬಾರಿನ ಯಜಮಾನ ಅಮೃತ್ ಬಗ್ಗೆ ಮಾತೆತ್ತಿದ. ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ ತನ್ನ ಸಿಂಗಲ್ ಮಾಲ್ಟನ್ನು 2004ರಲ್ಲಿ ಮೊದಲು ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲಲ್ಲ, ಗ್ಲಾಸ್ಗೋದಲ್ಲಿ. ಕಂಪನಿಯ ಆಗಿನ ಮುಖ್ಯಸ್ಥ ನೀಲಕಂಠ ಜಗದಾಳೆಯವರ ಆ ಎದೆಗಾರಿಕೆಯನ್ನು ಮೆಚ್ಚಲೇಬೇಕು. ನಮ್ಮಲ್ಲಿ ವಿಸ್ಕಿಯ ಹೆಸರಿನಲ್ಲಿ ಮಾರುವ ಅಗ್ಗದ ಬಾಟಲಿಗಳಲ್ಲಿ ಅನೇಕವು ಕಬ್ಬಿನ ಕಾಕಂಬಿಯ ಸ್ಪಿರಿಟ್ಟು ಎಂದು ಯುರೋಪಿನವರು ಮೂಗು ಮುರಿಯುತ್ತಿದ್ದ ಕಾಲ ಅದು. 2010ರ ವಿಸ್ಕಿ ಬೈಬಲ್‌ನಲ್ಲಿ ವಿಮರ್ಶಕ ಜಿಮ್ ಮರ್ರೆ ಅಮೃತ್ ಫ್ಯೂಷನ್‌ಗೆ 97 ಅಂಕ ಕೊಟ್ಟು ಜಗತ್ತಿನಲ್ಲೇ ಮೂರನೆಯದೆಂದ ಮೇಲೆ ಮೂಗುಗಳು ನೆಟ್ಟಗಾದವು. ಐಲಾದ ಉಗ್ರಾಣದಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ. 2ರಷ್ಟು ಆವಿಯಾಗಿ ಹೋದರೆ ಬೆಂಗಳೂರಿನಲ್ಲಿ ಶೇ. 10ರಿಂದ 12. ಹೋಗುವುದು ಬೇಗ, ಮಾಗುವುದೂ ಬೇಗ. ಫ್ಯೂಷನ್‌ನಲ್ಲಿ ನಮ್ಮ ಬಾರ್ಲಿಯ ಜೊತೆ ಸ್ಕಾಟ್ಲೆಂಡಿನಿಂದ ತರಿಸಿದ ಹೊಗೆ ಬಾರ್ಲಿಯೂ ಇದೆ.

ಗ್ಲಾಸ್ಗೋಗೆ ಮರಳಿದ ಮೇಲೆ ಒಂದು ಫ್ಯೂಷನ್ ಕೊಂಡು ತಂದೆ. ಡಿಸ್ಟಿಲರಿಗಳಲ್ಲಿ ಚಾಲಕರಿಗೆಂದು ಕೊಡುವ ಪುಟ್ಟ ಸೀಸೆಗಳು ಭಾವನ ಜೇಬಿನಲ್ಲಿ ಸೇರಿದ್ದವು. ಅಡುಗೆಮನೆಯ ಮೇಜಿನ ಮೇಲೆ ಐದು ಲೋಟ ಇಟ್ಟು, ಹೆಸರುಗಳನ್ನು ತಳಕ್ಕೆ ಅಂಟಿಸಿ, ಭಾವನನ್ನು ಕರೆದೆ. ಲಫ್ರೋಯ್ಗ್ ಒಂದೇ ಉಸಿರಿಗೆ ಸಿಕ್ಕಿಬಿತ್ತು. ಕಲೀಲಾವನ್ನೂ ಹಿಡಿದರು. ಆರ್ಡ್‌ಬೆಗ್‌ಗೆ ಸ್ವಲ್ಪ ತಿಣುಕಾಡಿದರು. ಉಳಿದ ಎರಡರ ನಡುವೆ ಮೂಗು ಆಚೀಚೆ ಓಡಿಸಿ, ಫ್ಯೂಷನ್ ಲೋಟವನ್ನೆತ್ತಿ, "ಇದು ಲಗವೂಲಿನ್. ಹದಿನಾರು ವರ್ಷದ್ದಲ್ವಾ, ಹಣ್ಣೆಲ್ಲ ಚೆನ್ನಾಗಿ ಪಕ್ವ ಆಗಿದೆ" ಎಂದು ತೀರ್ಪು ಕೊಟ್ಟರು. ತಳ ತಿರುಗಿಸಿ ತೋರಿಸಿದಾಗ ನಂಬಲಿಲ್ಲ. ಚೀಟಿ ನಾನೇ ಬದಲಿಸಿದ್ದೇನೆಂದು ವಾದಕ್ಕೆ ನಿಂತರು.

ಗಲಾಟೆ ಕೇಳಿ ಅಕ್ಕ ಬಂದಳು. ಒಂದೊಂದು ಲೋಟವನ್ನೂ ಮೂಗಿನ ಹತ್ತಿರ ಹಿಡಿದು, ಲಫ್ರೋಯ್ಗನ್ನು ಮಾತ್ರ ಸಿಂಕಿನ ಪಕ್ಕಕ್ಕೆ ಸರಿಸಿ, "ಇದನ್ನು ಡೆಟಾಲ್ ಜೊತೆ ಇಡ್ತೀನಿ, ಉಳಿದದ್ದು ನೀವು ಏನಾದ್ರೂ ಮಾಡ್ಕೊಳ್ಳಿ. ಎಂಟು ಗಂಟೆಗೆ ನನಗೆ ಮೇಜು ಬೇಕು" ಎಂದಳು.